ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬೀಗರು ಬರುತ್ತಿದ್ದಾರೆ, ಅವರ ಕಾಲದ ಯಾವ ಹಾಡು ಹಾಕಲಿ?

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು ಮೇಡಂ. ಮಗಳ ಅತ್ತೆ ಮಾವ ಮೊದಲ ಸಲ ನಿಮ್ಮ ಮನೆಗೆ ಅಮೆರಿಕದ ಸುಗ್ಗಿ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬರುತ್ತಿದ್ದಾರೆ, ಬೀಗರಿಗೆ 78, ಬೀಗಿತ್ತಿಗೆ 76, ಅವರು ಇಷ್ಟಪಡುವ ಹಳೇ ಅಮೆರಿಕನ್ ಹಾಡು ಹಾಕಬೇಕು, ಆದರೆ ನಮಗೆ ಗೊತ್ತಿರೋದೆಲ್ಲ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅಂತ ಬರೆದಿದ್ದೀರಿ. ಶರತ್ಕಾಲದ ಹಳೇ ಹಾಡು ಅಂತ ಹುಡುಕಿದರೆ ರಾಶಿ ರಾಶಿ ಬಂತು, ಯಾವುದು ಹಬ್ಬಕ್ಕೆ ಹೊಂದುತ್ತೆ ಗೊತ್ತಾಗುತ್ತಿಲ್ಲ ಅಂದಿದ್ದೀರಿ.

ಮೊದಲು ಒಂದು ಮಾತು. ಶರತ್ಕಾಲ ಅಂತ ಹುಡುಕಬೇಡಿ. ನಾನೂ ಅದೇ ತಪ್ಪು ಮಾಡಿದ್ದೆ.

ನಾನು ಬಾಸ್ಟನ್ ಹತ್ತಿರ ಇರುವವನು, ಮೂಲ ಸಾಗರದ ಕಡೆ. ಇಲ್ಲಿ ಹಿರಿಯರು ಇರುವ ಒಂದು ಮನೆಗೆ ಪ್ರತಿ ನವೆಂಬರ್‌ನಲ್ಲಿ ಹೋಗಿ ಹಾಡು ಹಾಕುತ್ತೇನೆ. ಮೊದಲ ವರ್ಷ ಎಲೆ ಉದುರುವ ಹಾಡುಗಳನ್ನೇ ಆರಿಸಿಕೊಂಡು ಹೋಗಿದ್ದೆ. 'ಆಟಮ್ ಲೀವ್ಸ್' ಹಾಕಿದೆ, ಆಮೇಲೆ 'ಸೆಪ್ಟೆಂಬರ್ ಸಾಂಗ್'. ಎರಡೂ ಅದ್ಭುತ ಹಾಡುಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲನೆಯದು ಅಗಲಿಕೆಯ ಹಾಡು. ಎರಡನೆಯದು ವಯಸ್ಸಾದವನು ಇನ್ನು ಉಳಿದಿರೋದು ಕೆಲವೇ ದಿನ ಅಂತ ಲೆಕ್ಕ ಹಾಕುವ ಹಾಡು. ಅದೇ ವರ್ಷ ಗಂಡನನ್ನು ಕಳೆದುಕೊಂಡಿದ್ದ ಒಬ್ಬ ಅಜ್ಜಿ ತಟ್ಟೆ ಪಕ್ಕಕ್ಕಿಟ್ಟು ಸುಮ್ಮನೆ ಅಳುತ್ತಾ ಕೂತುಬಿಟ್ಟರು. ನಾನು ಹೋಗಿ ಅವರ ಕೈ ಹಿಡಿದುಕೊಂಡೆ, ಬೇರೆ ಏನು ಮಾಡಬೇಕು ಅಂತ ತೋಚಲಿಲ್ಲ. ಅವತ್ತಿನಿಂದ ಪ್ರತಿ ಹಾಡಿನ ಮಾತನ್ನೂ ಕೊನೆಯ ಸಾಲಿನವರೆಗೆ ಓದಿಯೇ ಪಟ್ಟಿಗೆ ಸೇರಿಸುತ್ತೇನೆ.

ಈ ಹಬ್ಬ ಎಲೆ ಉದುರುವುದರ ಬಗ್ಗೆ ಅಲ್ಲ. ಬೆಳೆ ಮನೆಗೆ ಬಂತು, ಮಕ್ಕಳೂ ಮನೆಗೆ ಬಂದರು, ಒಟ್ಟಿಗೆ ಕೂತು ಉಣ್ಣೋಣ, ಅಷ್ಟೇ. ಹಾಗಾಗಿ ಹುಡುಕಬೇಕಾದದ್ದು ಮನೆಗೆ ಬರುವ ಹಾಡು, ಬೆಳೆಯ ಹಾಡು, ಚಂದಿರನ ಹಾಡು, ಇರೋದಕ್ಕೆ ಸಂತೋಷಪಡುವ ಹಾಡು. ಜೊತೆಗೆ ಬೀಗರ ವಯಸ್ಸು ನೋಡಿ. 78, 76 ಅಂದರೆ ಅವರ ಹರೆಯ ಪೂರ್ತಿ 1960ರ ದಶಕ. ಹಳೇದು ಅಂತ 1920ರ ಹಾಡುಗಳನ್ನೇ ತುಂಬಿದರೆ ಅದು ಅವರ ಅಜ್ಜ ಅಜ್ಜಿಯ ಕಾಲದ್ದಾಗುತ್ತೆ. ಅವೂ ಬೇಕು, ಆದರೆ ಮೂರೋ ನಾಲ್ಕೋ ಸಾಕು.

ಅವರ ಹರೆಯದ್ದರಲ್ಲಿ ನನ್ನ ಮೊದಲ ಆಯ್ಕೆ ಬರ್ಡ್ಸ್ ತಂಡದ 'ಟರ್ನ್ ಟರ್ನ್ ಟರ್ನ್'. 1965ರ ಡಿಸೆಂಬರ್‌ನಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು, ಅಂದರೆ ನಿಮ್ಮ ಬೀಗರು ಆಗ ಹದಿನೆಂಟರ ಆಸುಪಾಸಿನ ಹುಡುಗರು. ಜನಪದ ಗಾಯಕ ಪೀಟ್ ಸೀಗರ್ ಹೆಚ್ಚುಕಡಿಮೆ ಎಲ್ಲ ಸಾಲುಗಳನ್ನೂ ಬೈಬಲ್ಲಿನ 'ಪ್ರಸಂಗಿ' ಭಾಗದಿಂದ ತೆಗೆದುಕೊಂಡು ರಾಗ ಹಾಕಿದ್ದಾರೆ. ನೆಡುವುದಕ್ಕೆ ಒಂದು ಕಾಲ, ಕೊಯ್ಯುವುದಕ್ಕೆ ಒಂದು ಕಾಲ, ಅಳುವುದಕ್ಕೂ ನಗುವುದಕ್ಕೂ ಒಂದೊಂದು ಕಾಲ ಅಂತ ಬರುತ್ತೆ. ಕೊಯ್ಲಿನ ಹಬ್ಬಕ್ಕೆ ಇದಕ್ಕಿಂತ ಹತ್ತಿರದ ಹಾಡು ಆ ದಶಕದಲ್ಲಿ ನನಗೆ ಸಿಕ್ಕಿಲ್ಲ. ಗಿಟಾರು ಶುರುವಾದ ತಕ್ಷಣ ಆ ವಯಸ್ಸಿನವರ ಮುಖ ಅರಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಅದರ ಜೊತೆಗೆ ಸೈಮನ್ ಮತ್ತು ಗಾರ್ಫಂಕಲ್ ಅವರ 'ಹೋಮ್‌ವರ್ಡ್ ಬೌಂಡ್', 1966. ಪರಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಕೂತವನಿಗೆ ಮನೆಯ ನೆನಪು. ನಮ್ಮಂಥವರಿಗೂ ನಾಟುತ್ತೆ, ಅಲ್ವಾ? ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ 1967ರ 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಹಾಕಿ. 1961ರ 'ಮೂನ್ ರಿವರ್' ಊಟ ಬಡಿಸುವ ಹೊತ್ತಿಗೆ ಚೆನ್ನಾಗಿರುತ್ತೆ, ಮಾತಿಗೆ ಅಡ್ಡ ಬರಲ್ಲ.

ಇನ್ನು ಒಂದು ಎಚ್ಚರಿಕೆ. ಪಟ್ಟಿಗಳಲ್ಲಿ 'ಗ್ರೀನ್ ಗ್ರೀನ್ ಗ್ರಾಸ್ ಆಫ್ ಹೋಮ್' ಖಂಡಿತ ಸಿಗುತ್ತೆ. ಟಾಮ್ ಜೋನ್ಸ್ ಹಾಡಿದ್ದು, ರಾಗ ಬಲು ಚಂದ. ಊರಿಗೆ ಬಂದ, ಅಪ್ಪ ಅಮ್ಮ ಕಾದಿದ್ದಾರೆ, ಹಳೇ ಮನೆ ಹಾಗೇ ಇದೆ ಅಂತ ಕೇಳುತ್ತಾ ಕೇಳುತ್ತಾ ಕೊನೆಯಲ್ಲಿ ಗೊತ್ತಾಗುತ್ತೆ, ಅದೆಲ್ಲ ಮರಣದಂಡನೆ ಕಾಯುತ್ತಾ ಜೈಲಿನಲ್ಲಿ ಮಲಗಿದ್ದವನ ಕನಸು. ಹಬ್ಬದ ಊಟಕ್ಕೆ ಬೇಡ. 'ಟರ್ಕಿ ಇನ್ ದ ಸ್ಟ್ರಾ' ಹೆಸರಿನಲ್ಲೇ ಈ ಹಬ್ಬದ ಊಟದ ಟರ್ಕಿ ಕೋಳಿ ಇದೆ ಅಂತ ಅದನ್ನೂ ಹಾಕಬೇಡಿ. ಆ ರಾಗದ ಹಿಂದೆ 19ನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟಗಳ ಚರಿತ್ರೆ ಇದೆ. ಹಳೇ ಹಾಡು ಅಂದ ಮೇಲೆ ಇದನ್ನೆಲ್ಲ ನೋಡಲೇಬೇಕು.

ಈಗ ನನಗೆ ತುಂಬಾ ಇಷ್ಟವಾದದ್ದಕ್ಕೆ ಬರುತ್ತೇನೆ. 'ಶೈನ್ ಆನ್, ಹಾರ್ವೆಸ್ಟ್ ಮೂನ್'. 1908ರಲ್ಲಿ ನ್ಯೂಯಾರ್ಕಿನ ಜೀಗ್‌ಫೆಲ್ಡ್ ಫಾಲೀಸ್ ರಂಗಪ್ರದರ್ಶನದಲ್ಲಿ ನೋರಾ ಬೇಯ್ಸ್ ಹಾಡಿದ್ದು, ಹಾಡಿನ ಮೇಲೆ ಅವರ ಹೆಸರೂ ಗಂಡ ಜಾಕ್ ನಾರ್ವರ್ತ್ ಹೆಸರೂ ಇದೆ. ಕಥೆ ಇಷ್ಟೇ. ಮರದ ಕೆಳಗೆ ಹುಡುಗ ಹುಡುಗಿ ಕೂತಿದ್ದಾರೆ, ಚಂದಿರ ಕಾಣುತ್ತಿಲ್ಲ, ಹುಡುಗಿಗೆ ಕತ್ತಲೆ ಅಂದರೆ ಭಯ, ನಾನು ಮನೆಗೆ ಹೋಗುತ್ತೇನೆ ಅನ್ನುತ್ತಾಳೆ. ಹುಡುಗ ಪಾಪ ಆಕಾಶ ನೋಡಿ, ಸುಗ್ಗಿ ಚಂದಿರನೇ ಸ್ವಲ್ಪ ಬೆಳಗಪ್ಪಾ ಅಂತ ಬೇಡಿಕೊಳ್ಳುತ್ತಾನೆ. ತಿಂಗಳ ಹೆಸರು ಎಣಿಸಿ ಎಣಿಸಿ ದೂರು ಹೇಳುವ ಆ ಸಾಲಿಗೆ ಬಂದಾಗ ಹಿರಿಯರೆಲ್ಲ ಒಟ್ಟಿಗೆ ದನಿ ಸೇರಿಸುತ್ತಾರೆ, ಮಾತೇ ನಿಂತುಹೋಗಿರುವವರು ಕೂಡ ಆ ಸಾಲು ಹಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೂತ್ ಎಟ್ಟಿಂಗ್ 1931ರಲ್ಲಿ ಹಾಡಿದ ಮುದ್ರಣ ಸಿಗುತ್ತೆ. ಲಾರೆಲ್ ಮತ್ತು ಹಾರ್ಡಿ ಜೋಡಿಯ 1939ರ 'ದ ಫ್ಲೈಯಿಂಗ್ ಡ್ಯೂಸಸ್' ಸಿನಿಮಾದಲ್ಲಿ ದಪ್ಪನೆಯವನು ಇದನ್ನು ಹಾಡುತ್ತಾನೆ, ಸಣ್ಣವನು ಕುಣಿಯುತ್ತಾನೆ. ಟಿವಿಯಲ್ಲಿ ಆ ತುಣುಕನ್ನು ತೋರಿಸಿ, ಮೊಮ್ಮಕ್ಕಳಿದ್ದರೆ ಅವರೂ ನಗುತ್ತಾರೆ.

ಈ ಸುಗ್ಗಿ ಚಂದಿರ ಸುಮ್ನೆ ಹೆಸರಲ್ಲ. ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರ್ 22, 23ಕ್ಕೆ ಹತ್ತಿರದ ಹುಣ್ಣಿಮೆ ಅದು. ಸಾಮಾನ್ಯವಾಗಿ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಆ ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಈ ಕಡೆ ಅಂತರ ಅರ್ಧ ಗಂಟೆಯ ಹತ್ತಿರಕ್ಕೆ ಇಳಿಯುತ್ತೆ. ಹಾಗಾಗಿ ಸೂರ್ಯ ಮುಳುಗಿದರೂ ಕೆಲವು ದಿನ ಸಾಲಾಗಿ ಬೆಳಕು ಇರುತ್ತಿತ್ತು, ರೈತರು ಕತ್ತಲಾದ ಮೇಲೂ ಕೊಯ್ಲು ಮಾಡುತ್ತಿದ್ದರು. ನಮ್ಮ ಮಲೆನಾಡಿನ ಭೂಮಿ ಹುಣ್ಣಿಮೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತೆ, 2025ರಲ್ಲಂತೂ ಎರಡೂ ಒಂದೇ ಹುಣ್ಣಿಮೆ. ಥ್ಯಾಂಕ್ಸ್‌ಗಿವಿಂಗ್ ನವೆಂಬರ್‌ನ ನಾಲ್ಕನೇ ಗುರುವಾರ, ಆ ಚಂದಿರ ಹೋಗಿ ಎಷ್ಟೋ ದಿನ ಆಗಿರುತ್ತೆ. ಆದರೂ ಹಾಡು ಹೊಂದುತ್ತೆ, ಯಾರೂ ತಕರಾರು ಮಾಡಲ್ಲ.

ಹಬ್ಬಕ್ಕೇ ಅಂತ ಬರೆದದ್ದು ಬಹಳ ಕಡಿಮೆ. 'ಓವರ್ ದ ರಿವರ್ ಅಂಡ್ ಥ್ರೂ ದ ವುಡ್' ಅಂಥದ್ದು. ನಮ್ಮ ಪಕ್ಕದ ಮೆಡ್‌ಫರ್ಡ್‌ನಲ್ಲಿ ಹುಟ್ಟಿದ ಲಿಡಿಯಾ ಮರಿಯಾ ಚೈಲ್ಡ್ 1844ರಲ್ಲಿ ಪ್ರಕಟಿಸಿದ ಮಕ್ಕಳ ಪದ್ಯ. ಗುಲಾಮಗಿರಿ ವಿರುದ್ಧ ಹೋರಾಡಿದ ಹೆಂಗಸು ಅವರು. ಹಿಮದಲ್ಲಿ ಕುದುರೆ ಗಾಡಿ ಅಜ್ಜನ ಮನೆಗೆ ಹೊರಟಿದೆ, ಅಲ್ಲಿ ಕುಂಬಳಕಾಯಿ ಪೈ ಕಾದಿದೆ. ಮೂಲದಲ್ಲಿ ಅಜ್ಜನ ಮನೆ, ಈಗ ಬಹಳ ಜನ ಅಜ್ಜಿಯ ಮನೆ ಅಂತ ಹಾಡುತ್ತಾರೆ. ಕೆಲವರು ಇದನ್ನು ಕ್ರಿಸ್‌ಮಸ್ ಹಾಡು ಅಂದುಕೊಂಡಿದ್ದಾರೆ, ಆದರೆ ಪದ್ಯ ಥ್ಯಾಂಕ್ಸ್‌ಗಿವಿಂಗ್‌ದೇ.

ಇನ್ನೊಂದು ಅರ್ವಿಂಗ್ ಬರ್ಲಿನ್ ಬರೆದ 'ಐವ್ ಗಾಟ್ ಪ್ಲೆಂಟಿ ಟು ಬಿ ಥ್ಯಾಂಕ್‌ಫುಲ್ ಫಾರ್', 1942, ಬಿಂಗ್ ಕ್ರಾಸ್ಬಿ ಹಾಡಿದ್ದು. ಕಣ್ಣಿದೆ ನೋಡೋಕೆ, ಕಿವಿಯಿದೆ ಕೇಳೋಕೆ ಅನ್ನುವಷ್ಟು ಸರಳ. ಬರ್ಲಿನ್ ಐದು ವರ್ಷದ ಮಗುವಾಗಿದ್ದಾಗ ರಷ್ಯಾದಿಂದ ಹಡಗಿನಲ್ಲಿ ಇಲ್ಲಿಗೆ ಬಂದವರು, ಹೊರಗಿನಿಂದ ಬಂದವರೇ ಈ ನಾಡಿನ ಹಬ್ಬಕ್ಕೆ ಹಾಡು ಕೊಟ್ಟಿದ್ದು ನನಗೆ ದೊಡ್ಡ ಸಂಗತಿ ಅನಿಸುತ್ತೆ. ಹಾಡು ಮಾತ್ರ ಹಾಕಿ. ಅದು ಇರುವ 'ಹಾಲಿಡೇ ಇನ್' ಸಿನಿಮಾ ಹಾಕಬೇಡಿ, ಅದರಲ್ಲೂ ಮುಖಕ್ಕೆ ಮಸಿ ಬಳಿದುಕೊಂಡ ದೃಶ್ಯ ಇದೆ. ಅವರದ್ದೇ 1954ರ 'ಕೌಂಟ್ ಯುವರ್ ಬ್ಲೆಸಿಂಗ್ಸ್' ರಾತ್ರಿ ಹೊತ್ತಿಗೆ ಒಳ್ಳೆಯದು.

ಚರ್ಚಿನ ಹಾಡು ಬೇಕಾದರೆ 'ವಿ ಗ್ಯಾದರ್ ಟುಗೆದರ್' ಇದೆ, ಮೂಲ ಡಚ್. ಬೀಗರು ಚರ್ಚಿಗೆ ಹೋಗುವವರಾ ಅಂತ ಅಳಿಯನನ್ನು ಕೇಳಿಯೇ ಹಾಕಿ. ಆರ್ಲೋ ಗತ್ರಿಯ 'ಆಲಿಸಸ್ ರೆಸ್ಟೋರೆಂಟ್' ಬಗ್ಗೆಯೂ ಕೇಳಿ. 1967ರದ್ದು, ಹದಿನೆಂಟು ನಿಮಿಷಕ್ಕಿಂತ ಜಾಸ್ತಿ, ಹೆಚ್ಚಿನದು ಮಾತಿನಲ್ಲಿ ಹೇಳುವ ಕಥೆ. ಥ್ಯಾಂಕ್ಸ್‌ಗಿವಿಂಗ್ ದಿನ ಕಸ ಸುರಿದು ಪೊಲೀಸರ ಕೈಗೆ ಸಿಕ್ಕಿದ್ದು, ಅಲ್ಲಿಂದ ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಸೇರಿಸಿಕೊಳ್ಳುವ ಕಚೇರಿಯವರೆಗೆ ಹೋಗುತ್ತೆ. ಇಲ್ಲಿ ಕೆಲವು ರೇಡಿಯೋ ಸ್ಟೇಷನ್‌ಗಳು ಪ್ರತಿ ವರ್ಷ ಆ ದಿನ ಮಧ್ಯಾಹ್ನ ಹಾಕುತ್ತವೆ. ಆ ಯುದ್ಧಕ್ಕೆ ಕರೆ ಬಂದ ವಯಸ್ಸಿನವರು ನಿಮ್ಮ ಬೀಗರು, ಹಾಗಾಗಿ ಅಳಿಯನನ್ನು ಕೇಳದೆ ಬೇಡ.

ಕ್ರಿಸ್‌ಮಸ್ ಹಾಡು ಒಂದೂ ಬೇಡ, ಮರುದಿನದಿಂದ ಅಂಗಡಿಗಳಲ್ಲಿ ಅದೇ ಇರುತ್ತೆ. ಮಧ್ಯಾಹ್ನ ಫುಟ್‌ಬಾಲ್ ಆಟ ನೋಡುವ ಮನೆಯವರಾದರೆ ಆಗ ಹಾಡು ನಿಲ್ಲಿಸಿ. ಒಟ್ಟು ಇಪ್ಪತ್ತು ಹಾಡು ಸಾಕು, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನಡುವೆ ಜಾಹೀರಾತು ಬಂದರೆ ಹಾಳಾಗುತ್ತೆ. ಹಾಡುವಂಥವನ್ನು ಊಟ ಮುಗಿದ ಮೇಲೆ, ಪೈ ಬರುವ ಹೊತ್ತಿಗೆ ಇಟ್ಟುಕೊಳ್ಳಿ, ಬಾಯಿ ತುಂಬ ಊಟ ಇದ್ದಾಗ ಯಾರು ಹಾಡುತ್ತಾರೆ.

ಕೊನೆಯದಾಗಿ, ಪಿ.ಬಿ. ಶ್ರೀನಿವಾಸ್ ಅವರನ್ನು ದಯವಿಟ್ಟು ಬಿಡಬೇಡಿ. ಇದು ನಿಮ್ಮ ಮನೆಯ ಊಟ. 1972ರ 'ಬಂಗಾರದ ಮನುಷ್ಯ' ಬೇಸಾಯ ಮಾಡಿ ಗೆದ್ದವನ ಸಿನಿಮಾ, ಅದರಿಂದ 'ನಗುನಗುತಾ ನಲಿ' ಹಾಕಿ. ಆಮೇಲೆ ಕುವೆಂಪು ಅವರ 'ನೇಗಿಲ ಯೋಗಿ', ಸಿ. ಅಶ್ವತ್ಥ್ ದನಿಯಲ್ಲಿ, 1983ರ 'ಕಾಮನಬಿಲ್ಲು' ಸಿನಿಮಾದ್ದು. ಪಾಯಸ ಬಡಿಸುವಾಗ ಹಾಕಿ, ಎರಡು ಮಾತಿನಲ್ಲಿ ಅರ್ಥ ಹೇಳಿ. ನಮ್ಮೂರಿನಲ್ಲಿ ಭೂಮಿ ಹುಣ್ಣಿಮೆ ದಿನ ನಸುಕಿನಲ್ಲೇ ಎದ್ದು, ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತುಕೊಂಡು ಗದ್ದೆಗೆ ಹೋಗಿ, ತೆನೆ ಹೊತ್ತ ಪೈರು ಬಸುರಿ ಇದ್ದ ಹಾಗೆ ಅಂತ ಭೂಮಿತಾಯಿಗೆ ಕೂಗಿ ಕರೆದು ಬಡಿಸುತ್ತಾರೆ ಅಂತಲೂ ಹೇಳಿ. ನಾನು ಇದನ್ನು ಆ ಹಿರಿಯರ ಮನೆಯಲ್ಲಿ ಹೇಳಿದಾಗ ಅಯೋವಾದಲ್ಲಿ ಜೋಳ ಬೆಳೆಯುತ್ತಿದ್ದ ಅಜ್ಜ ಒಬ್ಬರು ಹಾಡನ್ನು ಇನ್ನೊಂದು ಸಲ ಹಾಕಿಸಿಕೊಂಡರು.