ಹೊಟ್ಟೆಯುಬ್ಬರಕ್ಕೆ ಚೀನೀ ವೈದ್ಯರು ನಾಲಿಗೆ, ನಾಡಿ ನೋಡುವುದೇಕೆ?

ಊಟವಾದ ಕೂಡಲೇ ಹೊಟ್ಟೆ ಉಬ್ಬರಿಸುತ್ತದೆ, ಎಂಡೋಸ್ಕೋಪಿಯಲ್ಲಿ ಏನೂ ಕಂಡುಬಂದಿಲ್ಲ, ಸಿಂಗಪುರದ ಸಹೋದ್ಯೋಗಿಯೊಬ್ಬರು ಚೀನೀ ವೈದ್ಯರನ್ನು ಕಾಣಲು ಹೇಳುತ್ತಿದ್ದಾರೆ, ಆ ವೈದ್ಯರು ಏನನ್ನು ನೋಡಿ ಏನು ಕೊಡುತ್ತಾರೆ, ನಂಬಬಹುದೇ ಎಂದು ತಾವು ಕೇಳಿದ್ದೀರಿ. ಸಿಂಗಪುರದಲ್ಲೇ ಇದ್ದು, ಇದೇ ತೊಂದರೆಗೆ ಅಂಥ ಚಿಕಿತ್ಸೆ ಪಡೆದವನಾದ್ದರಿಂದ ತಿಳಿದಷ್ಟನ್ನು ಹೇಳುತ್ತೇನೆ.

ಆ ಪದ್ಧತಿಯಲ್ಲಿ ಅಜೀರ್ಣಕ್ಕೆಂದು ಒಂದೇ ಔಷಧವಿಲ್ಲ. ಹೊಟ್ಟೆಯುಬ್ಬರವೆಂದು ಬಂದ ಮೂವರು ಮೂರು ಬೇರೆ ಕಷಾಯಗಳನ್ನು ಹಿಡಿದು ಹೊರಗೆ ಹೋಗಬಹುದು. ಏಕೆಂದರೆ ವೈದ್ಯರು ಹುಡುಕುವುದು ರೋಗದ ಹೆಸರನ್ನಲ್ಲ, ಆ ರೋಗಿಯಲ್ಲಿ ಒಟ್ಟಾಗಿ ಕಾಣುವ ಲಕ್ಷಣಗಳ ವಿನ್ಯಾಸವನ್ನು. ಇದು ತಿಳಿದಿದ್ದರೆ ಅವರು ಕೇಳುವ ಪ್ರಶ್ನೆಗಳು ವಿಚಿತ್ರವೆನಿಸುವುದಿಲ್ಲ.

ನೋಡುವುದು, ಆಲಿಸುವುದು ಮತ್ತು ಮೂಸುವುದು, ಕೇಳುವುದು, ಮುಟ್ಟುವುದು ಎಂಬ ನಾಲ್ಕು ಪರೀಕ್ಷೆಗಳಲ್ಲಿ ಜೀರ್ಣದ ತೊಂದರೆಗೆ ನಾಲಿಗೆ ಬಹಳ ಮುಖ್ಯವಾದುದು. ನನ್ನನ್ನು ನೋಡಿದ ವೈದ್ಯರು ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನಾಲಿಗೆ ಚಾಚಲು ಹೇಳಿದರು. ಕಾಫಿ ಕುಡಿದು ಬಂದಿದ್ದೀರಾ ಎಂದು ಮೊದಲೇ ವಿಚಾರಿಸಿದರು, ಏಕೆಂದರೆ ಕಾಫಿಯ ಬಣ್ಣ ನಾಲಿಗೆಯ ಮೇಲಿನ ಲೇಪವನ್ನು ಮರೆಸಿಬಿಡುತ್ತದೆ. ನಾಲಿಗೆ ಪೇಲವವಾಗಿ ಊದಿ, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದ್ದರೆ ಜೀರ್ಣಶಕ್ತಿ ಕುಂದಿದೆಯೆಂದೂ, ದಪ್ಪನೆಯ ಜಿಡ್ಡಿನ ಲೇಪವಿದ್ದರೆ ತಿಂದದ್ದು ಕರಗದೆ ನಿಂತಿದೆ ಅಥವಾ ಒಳಗೆ ತೇವ ಸೇರಿದೆಯೆಂದೂ, ಕೆಂಪು ನಾಲಿಗೆಯ ಮೇಲೆ ಹಳದಿ ಲೇಪವಿದ್ದರೆ ಜಠರದಲ್ಲಿ ಉಷ್ಣವೆಂದೂ ಅವರು ಓದುತ್ತಾರೆ. ಆಮೇಲೆ ಎರಡೂ ಮಣಿಕಟ್ಟುಗಳ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ. ಬಲಗೈಯ ನಡುಬೆರಳಿನ ಜಾಗ ಜಠರ ಮತ್ತು ಗುಲ್ಮಕ್ಕೆ (ಸ್ಪ್ಲೀನ್), ಎಡಗೈಯಲ್ಲಿ ಅದೇ ಜಾಗ ಯಕೃತ್ತಿಗೆ ಸೇರಿದ್ದು. (ಅವರು ಗುಲ್ಮವೆನ್ನುವುದು ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವ ಇಡೀ ವ್ಯವಸ್ಥೆಯನ್ನು, ಅದರಲ್ಲಿ ದೋಷವಿದೆ ಎಂದರೆ ಸ್ಕ್ಯಾನ್ ಮಾಡಿಸಲು ಓಡಬೇಕಾಗಿಲ್ಲ.) ಹೊಟ್ಟೆಯನ್ನು ಒತ್ತಿದರೆ ಹಿತವೋ ಹಿಂಸೆಯೋ, ಬಿಸಿನೀರು ಬೇಕೆನಿಸುತ್ತದೋ ತಣ್ಣೀರೋ ಎಂಬ ಪ್ರಶ್ನೆಗಳೂ ಬರುತ್ತವೆ. ಒತ್ತಿದರೆ ಹಿತವೆನ್ನುವವರಲ್ಲಿ ಬಲದ ಕೊರತೆಯನ್ನೂ, ಮುಟ್ಟಗೊಡದವರಲ್ಲಿ ತಡೆಯನ್ನೂ ಅವರು ಶಂಕಿಸುತ್ತಾರೆ.

ಚಿಕಿತ್ಸೆ ಇದರ ಬೆನ್ನಿಗೇ ಬರುತ್ತದೆ. ಅತಿಯಾಗಿ ಉಂಡು ಹುಳಿತೇಗು ಬರುವವರಿಗೆ, 14ನೇ ಶತಮಾನದ ವೈದ್ಯ ಝೂ ದಾನ್‌ಶಿಯ ಹೆಸರಿನಲ್ಲಿ ಬಂದಿರುವ ಬಾವ್ ಹೆ ವಾನ್ ಎಂಬ ಗುಳಿಗೆ ಕೊಡುತ್ತಾರೆ. ಶಾನ್‌ಝಾ ಎಂಬ ಹುಳಿಹಣ್ಣು, ಮೂಲಂಗಿ ಬೀಜ, ಕಿತ್ತಳೆ ಜಾತಿಯ ಹಣ್ಣಿನ ಹಳೆಯ ಸಿಪ್ಪೆ ಅದರಲ್ಲಿರುತ್ತವೆ. ಚಿಂತೆ ಹೆಚ್ಚಿದಾಗ ಹೊಟ್ಟೆ ಬಿಗಿಯುವವರಿಗೆ, ಅವರ ಲೆಕ್ಕದಲ್ಲಿ ಭಾವನೆಗಳ ಹರಿವನ್ನು ನೋಡಿಕೊಳ್ಳುವ ಯಕೃತ್ತನ್ನು ಸಡಿಲಿಸುವ ಶಿಯಾವ್ ಯಾವ್ ಸಾನ್‌ನಂಥ ಮೂಲಿಕೆಗಳ ಮಿಶ್ರಣ. ಸ್ವಲ್ಪ ಉಂಡರೂ ಭಾರವೆನಿಸಿ ಸುಸ್ತಾಗುವವರಿಗೆ ಜಿನ್ಸೆಂಗ್ ಮುಖ್ಯವಾಗಿರುವ ನಾಲ್ಕು ಮೂಲಿಕೆಗಳ ಕಷಾಯ. ಅದಕ್ಕೆ ಇನ್ನೆರಡು ಮೂಲಿಕೆ ಸೇರಿಸಿದ ರೂಪದಿಂದಲೇ ಜಪಾನಿನ ರಿಕ್ಕುನ್‌ಶಿತೋ ಎಂಬ ಔಷಧ ಬಂದಿದೆ. ಅಲ್ಲಿ ಆಧುನಿಕ ವೈದ್ಯರೇ ಅದನ್ನು ಆರೋಗ್ಯ ವಿಮೆಯಡಿ ಬರೆದುಕೊಡುತ್ತಾರೆ.

ಜೀರ್ಣಾಂಗಕ್ಕೆ ಇಷ್ಟು ಮಹತ್ವ ತಂದುಕೊಟ್ಟವರಲ್ಲಿ ವೈದ್ಯ ಲಿ ದೊಂಗ್‌ಯುವಾನ್ ಪ್ರಮುಖರು. 1232ರಲ್ಲಿ ಮಂಗೋಲರು ಕೈಫೆಂಗ್ ನಗರವನ್ನು ಮುತ್ತಿದ ನಂತರ ಜನ ಸಾಲುಸಾಲಾಗಿ ಸತ್ತದ್ದನ್ನು ಕಂಡು, ಅದಕ್ಕೆ ಹೊರಗಿನ ಶೀತ ಕಾರಣವಲ್ಲ, ಹಸಿವು, ದಣಿವು, ಆತಂಕಗಳಿಂದ ಜಠರ ಮತ್ತು ಗುಲ್ಮ ಕೆಟ್ಟದ್ದೇ ಕಾರಣ ಎಂದು ಅವರು ವಾದಿಸಿದರು. ಊಟದ ಹೊತ್ತು, ದಣಿವು, ಮನಸ್ಸಿನ ನೆಮ್ಮದಿಯ ಬಗ್ಗೆ ಇಂದಿನ ಚೀನೀ ವೈದ್ಯರು ಅಷ್ಟೊಂದು ಕೆದಕುವುದರ ಹಿಂದೆ ಈ ಪರಂಪರೆಯಿದೆ. ನನ್ನ ಮಟ್ಟಿಗೆ ಇದೇ ಆ ಪದ್ಧತಿಯ ನಿಜವಾದ ಬಲ.

ಇನ್ನು ನಂಬಿಕೆಯ ಮಾತು. 1998ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಕರುಳಿನ ಕಿರಿಕಿರಿಯಿಂದ (ಐಬಿಎಸ್) ಬಳಲುವ 116 ಮಂದಿಗೆ 16 ವಾರ ಔಷಧ ಕೊಟ್ಟು ನೋಡಲಾಯಿತು. ಎಲ್ಲರಿಗೂ ಒಂದೇ ಬಗೆಯ ಚೀನೀ ಔಷಧ ಪಡೆದ ಗುಂಪು, ವ್ಯಕ್ತಿಗನುಗುಣವಾಗಿ ಔಷಧ ಪಡೆದ ಗುಂಪು, ಎರಡೂ ಹುಸಿ ಔಷಧದ ಗುಂಪಿಗಿಂತ ಚೇತರಿಸಿಕೊಂಡವು. ಚಿಕಿತ್ಸೆ ನಿಂತು 14 ವಾರಗಳಾದ ಮೇಲೂ ಗುಣ ಉಳಿದದ್ದು ವ್ಯಕ್ತಿಗನುಗುಣವಾಗಿ ಕೊಟ್ಟವರಲ್ಲಿ ಮಾತ್ರ. ಒಂದು ಅಧ್ಯಯನದಿಂದ ಎಲ್ಲವೂ ಸಾಬೀತಾಗುವುದಿಲ್ಲ, ಆದರೂ ಇದು ಕಡೆಗಣಿಸುವಂಥದ್ದಲ್ಲ. ಸೂಜಿ ಚಿಕಿತ್ಸೆಯ (ಅಕ್ಯುಪಂಕ್ಚರ್) ವಿಷಯ ಬೇರೆ. ಮಂಡಿಚಿಪ್ಪಿನಿಂದ ನಾಲ್ಕು ಬೆರಳಗಲ ಕೆಳಗೆ, ಮುಂಗಾಲಿನ ಮೂಳೆಯ ಹೊರಬದಿಯಲ್ಲಿರುವ ಬಿಂದುವಿಗೆ ಅವರು ಖಂಡಿತ ಸೂಜಿ ಹಾಕುತ್ತಾರೆ. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆಯ ಪ್ರಕಾರ ಕರುಳಿನ ಕಿರಿಕಿರಿಗೆ ನಿಜವಾದ ಸೂಜಿಗೂ ಹುಸಿ ಸೂಜಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಹಣ ಕೊಡುವುದಾದರೆ ಮೊದಲು ಔಷಧಕ್ಕೆ ಕೊಡಿ ಎಂಬುದು ನನ್ನ ಸಲಹೆ.

ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ದಯವಿಟ್ಟು ಭಾವಿಸಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಒಂದು ಚೀನೀ ಮೂಲಿಕೆಯ ಬದಲು ಇನ್ನೊಂದು ಸೇರಿ, ಅದರಲ್ಲಿದ್ದ ಅರಿಸ್ಟೊಲೊಕಿಕ್ ಆಮ್ಲದಿಂದ ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಬಹುಪಾಲು ಕಷಾಯಗಳಲ್ಲಿರುವ ಜ್ಯೇಷ್ಠಮಧು ಹೆಚ್ಚು ಕಾಲ ಸೇವಿಸಿದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸಬಲ್ಲದು. ಸಿಂಗಪುರದಲ್ಲಿ ಚೀನೀ ವೈದ್ಯರು ಕಾನೂನಿನ ಪ್ರಕಾರ ನೋಂದಣಿ ಮಾಡಿಸಿರಲೇಬೇಕು. ಹೋಗುವ ಮುನ್ನ ಅದನ್ನು ಖಚಿತಪಡಿಸಿಕೊಳ್ಳಿ. ತಾವು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು, ಮುಖ್ಯವಾಗಿ ರಕ್ತ ತೆಳುವಾಗಿಸುವ ಔಷಧವಿದ್ದರೆ ಅದನ್ನು, ಅವರ ಮುಂದಿಡಿ. ಕೊಟ್ಟ ಪುಡಿಯಲ್ಲಿ ಏನೇನಿದೆಯೆಂದು ಬರೆಸಿಕೊಂಡು ತಮ್ಮ ಆಸ್ಪತ್ರೆಯ ವೈದ್ಯರಿಗೂ ತೋರಿಸಿ. ತೂಕ ಇಳಿಯುವುದು, ಮಲ ಕಪ್ಪಾಗುವುದು ಅಥವಾ ಅದರಲ್ಲಿ ರಕ್ತ ಕಾಣುವುದು, ನುಂಗಲು ಕಷ್ಟವಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ಹಿಂದಿನ ಎಂಡೋಸ್ಕೋಪಿ ಸರಿಯಿತ್ತೆಂದು ಸುಮ್ಮನಿರದೆ ನೇರವಾಗಿ ಆಸ್ಪತ್ರೆಗೇ ಹೋಗಿ.