ಅಮ್ಮ ಬಿಚ್ಚಿಕೊಟ್ಟ ಬಳೆ, ಸರ್ಕಾರ ಕೇಳಿದ ಲೆಕ್ಕ

ಮುಂಬಯಿ ಬಳಿಯ ಡೊಂಬಿವಲಿಯ ಹಿರಿಯ ಓದುಗರೊಬ್ಬರ ಪತ್ರ: ‘ಹೋದ ಸಂಚಿಕೆಯಲ್ಲಿ 1963ರ ಚಿನ್ನ ನಿಯಂತ್ರಣವನ್ನು ಟೀಕಿಸಿದ್ದೀರಿ. ಚೀನಾ ಯುದ್ಧದ ಹೊತ್ತಿಗೆ ನನ್ನ ತಾಯಿ ಎರಡು ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟಿದ್ದರು. ದೇಶ ಕಷ್ಟದಲ್ಲಿರುವಾಗ ಮನೆಯಲ್ಲಿ ಎಷ್ಟು ಚಿನ್ನವಿದೆ ಎಂದು ಸರ್ಕಾರ ಕೇಳಿದರೆ ತಪ್ಪೇನು?’

ಹಿರಿಯರೇ, ನಮಸ್ಕಾರ. ಬಳೆಯ ಮಾತು ಓದಿ ಮನಸ್ಸು ತುಂಬಿ ಬಂತು. ನನ್ನ ಉತ್ತರವೂ ಆ ಬಳೆಯಿಂದಲೇ ಶುರುವಾಗುತ್ತದೆ. ಎಷ್ಟು ಕೊಡಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂದು ನಿಮ್ಮ ತಾಯಿಯೇ ತೀರ್ಮಾನಿಸಿದರು. 1962ರ ನವೆಂಬರಿನಲ್ಲಿ ಶೇ. 6.5 ಬಡ್ಡಿಯ ಚಿನ್ನದ ಬಾಂಡ್ ಬಂದಾಗಲೂ ಹಾಗೇ, ಇಷ್ಟವಿದ್ದವರು ಚಿನ್ನ ಕೊಟ್ಟು ಬಾಂಡ್ ತೆಗೆದುಕೊಂಡರು. ಅದರ ಬಗ್ಗೆ ನನಗೆ ತಕರಾರಿಲ್ಲ.

1963ರ ಜನವರಿಯ ನಿಯಮ ಬೇರೆ ಥರದ್ದು. ಯುದ್ಧ ನಿಂತದ್ದು 1962ರ ನವೆಂಬರ್ 21ಕ್ಕೆ. ಸುಮಾರು ಏಳು ವಾರದ ಮೇಲೆ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ, ಯುದ್ಧಕಾಲದ ವಿಶೇಷ ಅಧಿಕಾರ ಕೊಡುವ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಇದು ಬಂತು. ಹೊಸ ಒಡವೆ 14 ಕ್ಯಾರೆಟ್ ಮೀರಬಾರದು. ಒಂದು ಸಣ್ಣ ಮಿತಿಗಿಂತ ಜಾಸ್ತಿ ಚಿನ್ನದ ಗಟ್ಟಿ, ನಾಣ್ಯ ಇದ್ದರೆ ಸರ್ಕಾರಕ್ಕೆ ಬರೆದು ತಿಳಿಸಬೇಕು. ಚಿನ್ನದ ಆಸೆ ಕಮ್ಮಿಯಾದರೆ ಕಳ್ಳಸಾಗಣೆ ನಿಲ್ಲುತ್ತದೆ, ವಿದೇಶಿ ವಿನಿಮಯ ಉಳಿಯುತ್ತದೆ ಎಂಬ ಲೆಕ್ಕ ಅದು.

ಆ ಲೆಕ್ಕದಲ್ಲಿ ಅಕ್ಕಸಾಲಿಗ ಇರಲೇ ಇಲ್ಲ. 14 ಕ್ಯಾರೆಟ್ ಅಂದರೆ 24 ಪಾಲಿನಲ್ಲಿ 14 ಪಾಲು ಮಾತ್ರ ಚಿನ್ನ, ಉಳಿದದ್ದು ಬೇರೆ ಲೋಹ. 22 ಕ್ಯಾರೆಟ್ಟಿನಲ್ಲಿ ಕೈ ಪಳಗಿದವನಿಗೆ ಅದು ಗಡಸು. ಬಣ್ಣವೂ ಬೇರೆ. ಅಂಥ ಚಿನ್ನದಲ್ಲಿ ಮಗಳಿಗೆ ತಾಳಿ ಮಾಡಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ ಹೇಳಿ? ಮುಂಬಯಿಯ ಜವೇರಿ ಬಜಾರಿನಲ್ಲೂ ನಮ್ಮ ಊರುಗಳಲ್ಲೂ ಸಾವಿರಾರು ಕುಲುಮೆ ತಣ್ಣಗಾದವು. ಕೆಲವರು ಜೀವವನ್ನೇ ಕಳೆದುಕೊಂಡರು. ಯುದ್ಧದ ಹೆಸರಿನಲ್ಲಿ, ಒಂದು ಗುಂಡೂ ಹಾರದ ಬೀದಿಯಲ್ಲಿ ಸತ್ತವರು ಇವರು. ಇವರನ್ನು ಯಾರೂ ನೆನೆಯುವುದಿಲ್ಲ ಎಂಬುದೇ ನನಗೆ ಜಾಸ್ತಿ ನೋವು.

14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಹೋಯಿತು. ಲೆಕ್ಕ ಕೇಳುವುದು ಹೋಗಲಿಲ್ಲ. ಚೀನಾ ಯುದ್ಧಕ್ಕೆಂದು 1962ರಲ್ಲಿ ಹೇರಿದ್ದ ತುರ್ತು ಪರಿಸ್ಥಿತಿ 1968ರ ಜನವರಿಯಲ್ಲಿ ಮುಗಿಯಿತು. ಅದೇ ವರ್ಷ ಚಿನ್ನ ನಿಯಂತ್ರಣ ಪೂರ್ತಿ ಕಾಯ್ದೆಯೇ ಆಯಿತು! ಒಬ್ಬರ ಬಳಿ 2000 ಗ್ರಾಂ, ಕುಟುಂಬದಲ್ಲಿ 4000 ಗ್ರಾಂ ಮೀರಿದರೆ ಒಡವೆಯನ್ನೂ ಘೋಷಿಸಬೇಕು. ಗಟ್ಟಿ ಇಟ್ಟುಕೊಳ್ಳುವುದೇ ಅಪರಾಧ. ಇದು ರದ್ದಾದದ್ದು 1990ರಲ್ಲಿ. ಒಂದು ತಿಂಗಳ ಯುದ್ಧ, 27 ವರ್ಷದ ನಿಯಂತ್ರಣ. ಅಷ್ಟೆಲ್ಲ ಮಾಡಿದರೂ ಮುಂಬಯಿ ಕಡಲತೀರಕ್ಕೆ ಕಳ್ಳ ಚಿನ್ನ ಬರುವುದು ನಿಂತಿತೇ? ನೀವೇ ಕಣ್ಣಾರೆ ಕಂಡವರು.

ಯುದ್ಧಕ್ಕೆಂದು ಬಂದು ಉಳಿದುಬಿಟ್ಟದ್ದು ಇದೊಂದೇ ಅಲ್ಲ. ವಿದೇಶಿ ವಿನಿಮಯದ ಹಿಡಿತ ಶುರುವಾದದ್ದು 1939ರಲ್ಲಿ, ಎರಡನೇ ಮಹಾಯುದ್ಧಕ್ಕೆಂದು. 1947ರಲ್ಲಿ ಅದೇ ಕಾಯ್ದೆಯಾಯಿತು. ಕಂಪನಿಗಳು ಷೇರು ಹೊರಡಿಸಲು ಸರ್ಕಾರದ ಅನುಮತಿ ಕೇಳಬೇಕೆಂಬ 1943ರ ನಿಯಮ 1992ರವರೆಗೂ ಬದುಕಿತ್ತು.

ಹಾಗಾಗಿ ಸರ್ಕಾರ ಕೇಳಿದ್ದೇ ತಪ್ಪು ಎನ್ನುತ್ತಿಲ್ಲ. ಯಾವತ್ತಿನವರೆಗೆ ಎಂದು ಅದೇ ಕಾಗದದಲ್ಲಿ ತಾರೀಖು ಬರೆಯಬೇಕಿತ್ತು. ಕೆಲಸ ಕಳೆದುಕೊಳ್ಳುವವರಿಗೆ ಮೊದಲೇ ದಾರಿ ಮಾಡಿಕೊಡಬೇಕಿತ್ತು.

ಅಂದಹಾಗೆ, ಆ ಬಳೆಗಳಿಗೆ ಕೊಟ್ಟ ರಸೀದಿ ಇನ್ನೂ ಮನೆಯಲ್ಲಿದೆಯೇ? ಇದ್ದರೆ ಒಂದು ಫೋಟೊ ಕಳಿಸಿ. ನಿಮ್ಮ ತಾಯಿಯ ನೆನಪಿನ ಜೊತೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ