ಮರಾಠಿ–ಇಂಗ್ಲಿಷ್ ಕವಿಗಳನ್ನು ಓದುವ ಬಗೆ

ಪ್ರಶ್ನೆ: ಅರುಣ್ ಕೊಲಟ್ಕರ್ ಅವರ ‘ಜೆಜುರಿ’ಯನ್ನು ಇಂಗ್ಲಿಷಿನಲ್ಲಿ ಓದಿದೆ. ಅವರು ಮರಾಠಿ ಕವಿಯೂ ಹೌದೆಂದು ಆಮೇಲೆ ತಿಳಿಯಿತು. ಹಾಗಾದರೆ ಅವರ ಇಂಗ್ಲಿಷ್ ಕವಿತೆಗಳು ಮರಾಠಿಯ ಅನುವಾದಗಳೇ? ಇಂಥ ಕವಿಗಳನ್ನು ಯಾವ ಭಾಷೆಗೆ ಸೇರಿಸಿ ಓದಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ಅನುವಾದಗಳಲ್ಲ. ಮಹಾರಾಷ್ಟ್ರದ ಅದೇ ಹೆಸರಿನ ಯಾತ್ರಾಸ್ಥಳದ ಕುರಿತ ಕವಿತೆಗಳಾದ ‘ಜೆಜುರಿ’ಯನ್ನು ಕೊಲಟ್ಕರ್ (1932–2004) ಮೊದಲು ಬರೆದದ್ದೇ ಇಂಗ್ಲಿಷಿನಲ್ಲಿ. 1976ರಲ್ಲಿ ಪುಸ್ತಕವಾಗಿ ಬಂದ ಅದಕ್ಕೆ ಮರುವರ್ಷ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ದೊರೆಯಿತು. ಮರಾಠಿಯ ‘ಜೆಜುರಿ’ ಪ್ರಕಟವಾದದ್ದು ಕವಿಯ ನಿಧನಾನಂತರ. ಆದರೆ 1977ರಲ್ಲೇ ಅವರ ಮರಾಠಿ ಕವಿತೆಗಳ ಸಂಕಲನವೂ ಹೊರಬಂದಿತ್ತು, ಅದರ ಕವಿತೆಗಳೇ ಬೇರೆ.

ಅವರ ಒಂದು ಕವಿತೆಯಂತೂ ಮೂಲ–ಅನುವಾದವೆಂಬ ಲೆಕ್ಕಕ್ಕೇ ಸಿಗುವುದಿಲ್ಲ. ಸಂಬಳ ಕೇಳಲು ಹೋಗಿ, ಒಂದನೇ ತಾರೀಖಿನವರೆಗೆ ಕಾಯಬೇಕೆಂದ ಮ್ಯಾನೇಜರನ ಕೈಗಡಿಯಾರವನ್ನೇ ಎತ್ತಿಕೊಳ್ಳುವವನ ಮಾತಿನಿಂದ ಅದು ಆರಂಭವಾಗುತ್ತದೆ. ಕೊಲಟ್ಕರ್ ಅದನ್ನು ಬರೆದದ್ದು ಮುಂಬಯಿಯ ಬೀದಿ ಹಿಂದಿಯಲ್ಲಿ. ಇಂಗ್ಲಿಷಿಗೆ ತಂದಾಗ ಅವರು ಶಿಷ್ಟ ಇಂಗ್ಲಿಷನ್ನು ಬಿಟ್ಟು ಅಮೆರಿಕದ ಪುಂಡರ ಆಡುಮಾತನ್ನು ಆರಿಸಿಕೊಂಡರು. ಎರಡರಲ್ಲೂ ಬೀದಿಯ ಕಸುವು ಪೂರ್ತಿ ಉಳಿದಿದೆ, ಒಂದು ಇನ್ನೊಂದರ ನೆರಳಾಗಿಲ್ಲ.

ಈ ಧೈರ್ಯದ ಬೇರು, ನನ್ನ ತಿಳಿವಿನಂತೆ, ಮರಾಠಿಯ ಸಂತಕವಿ ತುಕಾರಾಮರಲ್ಲಿದೆ. ಕೊಲಟ್ಕರ್ ತುಕಾರಾಮರ ಅಭಂಗಗಳನ್ನು, ಅಂದರೆ ಭಕ್ತಿಪದಗಳನ್ನು, ಇಂಗ್ಲಿಷಿಗೆ ತಂದರು. 1954ರಲ್ಲಿ ಅವರೊಂದಿಗೆ ‘ಶಬ್ದ’ ಎಂಬ ಪುಟ್ಟ ಮರಾಠಿ ಪತ್ರಿಕೆ ಕಟ್ಟಿದ ದಿಲೀಪ್ ಚಿತ್ರೆಯವರು ಆ ಅಭಂಗಗಳ ಕೆಲಸದಲ್ಲಿ ದಶಕಗಳನ್ನೇ ಕಳೆದರು. 1994ರ ಸಾಹಿತ್ಯ ಅಕಾಡೆಮಿ ಪುರಸ್ಕಾರಗಳಲ್ಲಿ ಮರಾಠಿ ಕವಿತೆಗಾಗಿ ಒಂದು, ತುಕಾರಾಮರ ಇಂಗ್ಲಿಷ್ ಅನುವಾದಕ್ಕಾಗಿ ಇನ್ನೊಂದು, ಹೀಗೆ ಎರಡೂ ಚಿತ್ರೆಯವರಿಗೆ ಸಂದವು. ದೇವರನ್ನೇ ನಿಲ್ಲಿಸಿ ಜಗಳವಾಡುವ ಆ ಸಂತನ ಸಲಿಗೆಯನ್ನು ಅರಿಯದೆ ‘ಜೆಜುರಿ’ಯನ್ನು ಓದಿದರೆ ಅದು ನಗರದ ನಾಸ್ತಿಕನೊಬ್ಬನ ಪ್ರವಾಸ ಕಥನದಂತೆ ಕಾಣಬಹುದು. ಮರಾಠಿಯ ಹಿರಿಯ ಲೇಖಕ ಭಾಲಚಂದ್ರ ನೇಮಾಡೆಯವರೇ ಅದರಲ್ಲಿ ಪ್ರವಾಸಿಯ ನೋಟವಿದೆಯೆಂದು ಟೀಕಿಸಿದ್ದುಂಟು. ನಾನು ಒಪ್ಪಲಾರೆ. ಮಾಡು ಕುಸಿದ ಮಾರುತಿ ಗುಡಿಯೊಳಗೆ ಮರಿಗಳೊಂದಿಗೆ ನೆಲೆಸಿದ ಬೀದಿನಾಯಿಯನ್ನು ಕಂಡು, ಪೂಜೆ ನಿಂತರೂ ಅದು ದೇವರ ಮನೆಯೇ ಎನ್ನಬಲ್ಲ ಕವಿಯನ್ನು ಹೊರಗಿನವನೆಂದು ಹೇಗೆ ಕರೆಯುವುದು? (ಜೆಜುರಿಯ ಖಂಡೋಬಾ ನಮ್ಮ ಮೈಲಾರಲಿಂಗನೇ ಆದ್ದರಿಂದ, ಆತನನ್ನು ಮನೆದೇವರಾಗಿ ಪೂಜಿಸುವ ಕನ್ನಡಿಗರಿಗೆ ಈ ಕವಿತೆಗಳ ಭಂಡಾರ, ಅರ್ಚಕ, ಬೆಟ್ಟ ಎಲ್ಲವೂ ಪರಿಚಿತವೇ.)

ನಮ್ಮಲ್ಲಿ ಎ. ಕೆ. ರಾಮಾನುಜನ್ ಇದ್ದರು: ಕನ್ನಡದಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದರು, ಇಂಗ್ಲಿಷಿನಲ್ಲಿ ಬೇರೆಯದೇ ಕವಿತೆಗಳನ್ನು ಬರೆದರು, ವಚನಗಳನ್ನು ಇಂಗ್ಲಿಷಿಗೆ ಕೊಟ್ಟರು. ಅವರನ್ನು ಅರ್ಧ ಕನ್ನಡಿಗರೆಂದು ನಾವು ಕರೆಯುವುದಿಲ್ಲ. ಕೊಲಟ್ಕರ್ ಮತ್ತು ಚಿತ್ರೆಯವರೂ ಹಾಗೆಯೇ ಎರಡು ಭಾಷೆಗಳಿಗೂ ಪೂರ್ಣವಾಗಿ ಸೇರಿದವರು.

ಧಾರವಾಡದವರಾದ ನಿಮ್ಮ ಕಿವಿಗೆ ಮರಾಠಿ ಹೊಸದಾಗಿರಲಾರದು. ಸಾಧ್ಯವಾದರೆ ಕೊಲಟ್ಕರ್ ಅವರ ಮರಾಠಿ ಕೃತಿ ‘ಭಿಜಕೀ ವಹೀ’ (ತೊಯ್ದ ವಹಿ) ಓದಿ. ಕಸಾಂಡ್ರಾ, ಹೈಪೇಶಿಯಾ ಮೊದಲಾದ ನಾನಾ ನಾಡು, ನಾನಾ ಕಾಲದ ಹೆಣ್ಣುಗಳ ಕಣ್ಣೀರನ್ನು ಒಂದೆಡೆ ತಂದ ಆ ದೊಡ್ಡ ಕೃತಿಗೆ 2005ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಬಂತು. ‘ಜೆಜುರಿ’ಯ ಮಿತಭಾಷಿ ಕವಿ ಅಲ್ಲಿ ಎಷ್ಟು ವಿಸ್ತಾರವಾಗಿ ಮಾತಾಡುತ್ತಾರೆಂಬುದು ನಿಮಗೇ ತಿಳಿಯುತ್ತದೆ.